ಸ್ಥೂಲಕಾಯ ನಿಯಂತ್ರಣದಲ್ಲಿ ಸರ್ಕಾರದ ನೀತಿ: ಆಹಾರೋದ್ಯಮವು ಅರಿತಿರಬೇಕಾದ ಸಂಗತಿಗಳು

ಯಾರು ಏನನ್ನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದು ಅವರವರ ಸ್ವಂತ ವಿಚಾರ. ಅದರಲ್ಲಿ ಸರ್ಕಾರಕ್ಕೆ ಏನು ಕೆಲಸ ಎಂಬ ಪ್ರಶ್ನೆ ವ್ಯಾಪಾರಿ ವಲಯದಲ್ಲಿ ಸಹಜವಾಗಿಯೇ ಕೇಳಿಬರುತ್ತದೆ. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ಜಗತ್ತಿನ ಅನೇಕ ಸರ್ಕಾರಗಳು ಜನರ ದೇಹತೂಕವನ್ನು ಸಾರ್ವಜನಿಕ ನೀತಿಯ ವಿಷಯವನ್ನಾಗಿ ಪರಿಗಣಿಸಿವೆ. ಭಾರತವೂ ಇದಕ್ಕೆ ಹೊರತಾಗಿಲ್ಲ. ಸರ್ಕಾರಗಳ ಕೈಯಲ್ಲಿರುವ ಸಾಧನಗಳು ಮುಖ್ಯವಾಗಿ ನಾಲ್ಕು: ತೆರಿಗೆ, ಪೊಟ್ಟಣದ ಮೇಲಿನ ಲೇಬಲ್, ಮಾರಾಟ ಹಾಗೂ ಜಾಹೀರಾತಿನ ನಿರ್ಬಂಧ, ಮತ್ತು ಆಹಾರದಲ್ಲಿರುವ ಅಂಶಗಳಿಗೆ ವಿಧಿಸುವ ಮಿತಿ. ಈ ನಾಲ್ಕೂ ಮೊದಲು ತಟ್ಟುವುದು ತಿನ್ನುವವರನ್ನಲ್ಲ, ತಯಾರಿಸಿ ಮಾರುವವರನ್ನು. ಆದುದರಿಂದ ಬೇಕರಿ, ಕುರುಕಲು ತಿಂಡಿ, ಮಿಠಾಯಿ, ತಂಪು ಪಾನೀಯ, ಖಾದ್ಯತೈಲ ಮುಂತಾದ ವಹಿವಾಟಿನಲ್ಲಿರುವ ವರ್ತಕರು ಹಾಗೂ ಸಣ್ಣ ಉತ್ಪಾದಕರು ಈ ನೀತಿಗಳ ಸ್ವರೂಪವನ್ನು ಅರಿತಿರುವುದು ಅವಶ್ಯಕ.

ಯಾವ ನೀತಿ ಎಲ್ಲಿ ಫಲ ನೀಡಿತು, ಯಾವುದು ವಿಫಲವಾಯಿತು ಎಂಬುದಕ್ಕೆ ಈಗ ಸಾಕಷ್ಟು ಆಧಾರಗಳಿವೆ. ಅವುಗಳನ್ನು ಪರಿಶೀಲಿಸಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಪದಾರ್ಥದಲ್ಲಿರುವ ಸಕ್ಕರೆ ಅಥವಾ ಕೊಬ್ಬಿನ ಪ್ರಮಾಣಕ್ಕೆ ತಕ್ಕಂತೆ ಹೊರೆಯನ್ನು ಏರಿಳಿಸಿ, ಉತ್ಪಾದಕರಿಗೆ ಕಾಲಾವಕಾಶ ನೀಡಿದ ನೀತಿಗಳು ಸಿದ್ಧಪಾಕವನ್ನೇ ಬದಲಿಸಿವೆ. ಎಲ್ಲದರ ಮೇಲೂ ಒಂದೇ ದರವನ್ನು ಹೇರಿದ ನೀತಿಗಳು ಹೆಚ್ಚಾಗಿ ಬೆಲೆಯನ್ನು ಮಾತ್ರ ಬದಲಿಸಿವೆ.

ಸಮಸ್ಯೆಯ ಗಾತ್ರ

ವ್ಯಕ್ತಿಯ ತೂಕವನ್ನು ಕಿಲೋಗ್ರಾಂಗಳಲ್ಲಿ ತೆಗೆದುಕೊಂಡು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ದೇಹತೂಕ ಸೂಚ್ಯಂಕವೆಂದು ಹೆಸರು. 165 ಸೆಂ.ಮೀ. ಎತ್ತರ ಮತ್ತು 70 ಕೆ.ಜಿ. ತೂಕವಿರುವವರ ಸೂಚ್ಯಂಕ ಸುಮಾರು 25.7 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಅಳತೆಯಂತೆ 25 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಅಧಿಕ ತೂಕ, 30 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಸ್ಥೂಲಕಾಯ. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗ ಕಾಣಿಸಿಕೊಳ್ಳುವುದರಿಂದ ಇಲ್ಲಿನ ವೈದ್ಯರು 23ನ್ನು ಅಧಿಕ ತೂಕದ, 25ನ್ನು ಸ್ಥೂಲಕಾಯದ ಗಡಿಯಾಗಿ ಇಟ್ಟುಕೊಂಡಿದ್ದಾರೆ.

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಶೇ. 24.0 ಹಾಗೂ ಪುರುಷರಲ್ಲಿ ಶೇ. 22.9 ಮಂದಿಯ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚು. 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 20.6 ಮತ್ತು ಶೇ. 18.9 ಇದ್ದಿತು. ಕರ್ನಾಟಕದ ಸ್ಥಿತಿ ರಾಷ್ಟ್ರದ ಸರಾಸರಿಗಿಂತ ಕಳವಳಕಾರಿ: ಇಲ್ಲಿ ಮಹಿಳೆಯರಲ್ಲಿ ಶೇ. 30.1, ಪುರುಷರಲ್ಲಿ ಶೇ. 30.9. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೃಹತ್ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿರುವರೆಂದು ಅಂದಾಜಿಸಿತು.

ಇದೇ ದೇಶದಲ್ಲಿ, ಅದೇ 2019-21ರ ಸಮೀಕ್ಷೆಯಂತೆ, ಶೇ. 18.7ರಷ್ಟು ಮಹಿಳೆಯರು ಇರಬೇಕಾದದ್ದಕ್ಕಿಂತ ಕಡಿಮೆ ತೂಕದವರು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಹಸಿವೆಯೂ ಬೊಜ್ಜೂ ಜೊತೆಗಿರುವ ದೇಶದಲ್ಲಿ ಆಹಾರದ ಬೆಲೆಯನ್ನು ವಿವೇಚನೆಯಿಲ್ಲದೆ ಏರಿಸುವ ನೀತಿ ತರವಲ್ಲ. ಶ್ರೀಮಂತ ರಾಷ್ಟ್ರಗಳ ಕ್ರಮಗಳನ್ನು ಇಲ್ಲಿ ಯಥಾವತ್ತಾಗಿ ಅನುಸರಿಸಲಾಗದು ಎಂಬುದಕ್ಕೆ ಇದೇ ಮುಖ್ಯ ಕಾರಣ.

ಸರ್ಕಾರದ ಪ್ರವೇಶಕ್ಕೆ ಆಧಾರಗಳು

ಅರ್ಥಶಾಸ್ತ್ರದ ದೃಷ್ಟಿಯಿಂದ ಸರ್ಕಾರದ ಪ್ರವೇಶಕ್ಕೆ ಮೂರು ಸಮರ್ಥನೆಗಳನ್ನು ನೀಡಲಾಗುತ್ತದೆ. ಮೊದಲನೆಯದು, ಮಧುಮೇಹ ಮತ್ತು ಹೃದ್ರೋಗದ ಚಿಕಿತ್ಸೆಯ ವೆಚ್ಚದ ಒಂದು ಭಾಗವನ್ನು ಸರ್ಕಾರಿ ಆಸ್ಪತ್ರೆ, ವಿಮೆ ಹಾಗೂ ಉದ್ಯೋಗದಾತರು ಭರಿಸುತ್ತಾರೆ. ಅಂದರೆ ಸರಕಿನ ಬೆಲೆಯಲ್ಲಿ ಸೇರದ ವೆಚ್ಚವೊಂದು ಸಮಾಜದ ಮೇಲೆ ಬೀಳುತ್ತದೆ. ಎರಡನೆಯದು, ಪೊಟ್ಟಣದೊಳಗೆ ಎಷ್ಟು ಸಕ್ಕರೆ, ಎಷ್ಟು ಕೊಬ್ಬು ಇದೆ ಎಂಬುದು ತಯಾರಕರಿಗೆ ಗೊತ್ತು, ಗ್ರಾಹಕರಿಗೆ ಗೊತ್ತಿಲ್ಲ. ಮೂರನೆಯದು, ಮಕ್ಕಳು ಜಾಹೀರಾತಿನ ಉದ್ದೇಶವನ್ನು ವಿವೇಚಿಸಿ ಕೊಳ್ಳುವ ಗ್ರಾಹಕರಲ್ಲ.

ಈ ಸಮರ್ಥನೆಗಳಿಗೆ ಮಿತಿಯೂ ಇದೆ. ಬೊಜ್ಜಿಗೆ ಆಹಾರವೊಂದೇ ಕಾರಣವಲ್ಲ. ದೈಹಿಕ ಶ್ರಮದ ಇಳಿಕೆ, ನಗರ ಜೀವನ, ನಿದ್ರೆ, ಅನುವಂಶೀಯತೆ ಎಲ್ಲವೂ ಅದರಲ್ಲಿ ಸೇರಿವೆ. ಒಂದು ಪದಾರ್ಥದ ಮೇಲೆ ತೆರಿಗೆ ಹಾಕಿದ ಮಾತ್ರಕ್ಕೆ ಗ್ರಾಹಕರು ಸೊಪ್ಪು ತರಕಾರಿಯತ್ತ ತಿರುಗುವರೆಂಬ ಭರವಸೆಯೂ ಇಲ್ಲ. ಆದುದರಿಂದ ನೀತಿಯನ್ನು ಉದ್ದೇಶದಿಂದಲ್ಲ, ಫಲಿತಾಂಶದಿಂದ ಅಳೆಯಬೇಕಾಗುತ್ತದೆ.

ಹೊರ ರಾಷ್ಟ್ರಗಳ ಅನುಭವ

ಮೆಕ್ಸಿಕೋ 2014ರ ಜನವರಿ 1ರಿಂದ ಸಕ್ಕರೆ ಬೆರೆತ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆಯನ್ನು ಜಾರಿಗೆ ತಂದಿತು. ಬೆಲೆ ಸುಮಾರು ಶೇ. 10ರಷ್ಟು ಏರಿತು. ಮೊದಲ ವರ್ಷದಲ್ಲಿ ಇಂತಹ ಪಾನೀಯಗಳ ಖರೀದಿ ಸರಾಸರಿ ಶೇ. 6ರಷ್ಟು ತಗ್ಗಿತೆಂದೂ, ಬಡ ಕುಟುಂಬಗಳಲ್ಲಿ ಈ ಇಳಿಕೆ ಹೆಚ್ಚಿತ್ತೆಂದೂ ಸಂಶೋಧಕರು ಕಂಡುಕೊಂಡರು. ಎರಡನೆಯ ವರ್ಷದಲ್ಲಿ ಇಳಿಕೆ ಶೇ. 9.7ಕ್ಕೆ ಮುಟ್ಟಿತು. ಖರೀದಿ ಇಳಿದದ್ದು ನಿಜ. ಆದರೆ ಇಡೀ ರಾಷ್ಟ್ರದ ದೇಹತೂಕ ಇಳಿಯಿತೆಂದು ಇದರಿಂದಲೇ ಹೇಳಲಾಗದು.

ಡೆನ್ಮಾರ್ಕಿನ ಅನುಭವ ಇದಕ್ಕಿಂತ ಭಿನ್ನ. ಅಲ್ಲಿ 2011ರ ಅಕ್ಟೋಬರಿನಲ್ಲಿ, ಶೇ. 2.3ಕ್ಕಿಂತ ಹೆಚ್ಚು ಪರ್ಯಾಪ್ತ ಕೊಬ್ಬು ಇರುವ ಆಹಾರಗಳ ಮೇಲೆ ತೆರಿಗೆ ವಿಧಿಸಲಾಯಿತು. ಬೆಣ್ಣೆ, ಚೀಸ್, ಮಾಂಸ ಎಲ್ಲವೂ ಅದರ ವ್ಯಾಪ್ತಿಗೆ ಬಂದವು. ಲೆಕ್ಕಪತ್ರದ ಹೊರೆಯ ಬಗ್ಗೆ ಉತ್ಪಾದಕರು ದೂರಿದರು. ಗ್ರಾಹಕರು ಗಡಿ ದಾಟಿ ನೆರೆಯ ಜರ್ಮನಿ ಮುಂತಾದೆಡೆ ಖರೀದಿಸತೊಡಗಿದರು. 2013ರ ಜನವರಿಯಲ್ಲಿ ತೆರಿಗೆ ರದ್ದಾಯಿತು. ಇದೇ ಡೆನ್ಮಾರ್ಕ್ 2003ರಲ್ಲಿ ಟ್ರಾನ್ಸ್ ಕೊಬ್ಬಿಗೆ ಶೇ. 2ರ ಮಿತಿಯನ್ನು ವಿಧಿಸಿದಾಗ ಮಾತ್ರ ಆ ನಿಯಮ ಸ್ಥಿರವಾಗಿ ನಿಂತು, ಇತರ ರಾಷ್ಟ್ರಗಳಿಗೆ ಮಾದರಿಯಾಯಿತು. ನಿತ್ಯಬಳಕೆಯ ಆಹಾರಗಳ ಬೆಲೆಯನ್ನು ಏರಿಸುವುದಕ್ಕೂ, ಬದಲಿ ಪದಾರ್ಥ ಲಭ್ಯವಿರುವ ಒಂದು ಅಂಶವನ್ನು ಆಹಾರದಿಂದ ತೆಗೆಸುವುದಕ್ಕೂ ಇರುವ ವ್ಯತ್ಯಾಸವನ್ನು ಇದು ತೋರಿಸುತ್ತದೆ.

ಬ್ರಿಟನ್ನಿನ ತಂಪು ಪಾನೀಯ ಸುಂಕವು ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಉದಾಹರಣೆ. 2016ರ ಮಾರ್ಚಿ ಆಯವ್ಯಯದಲ್ಲಿ ಘೋಷಣೆಯಾದ ಈ ಸುಂಕ ಜಾರಿಗೆ ಬಂದದ್ದು 2018ರ ಏಪ್ರಿಲ್ 6ರಂದು. ನಡುವೆ ಎರಡು ವರ್ಷಗಳ ಅವಕಾಶವಿತ್ತು. 100 ಮಿ.ಲೀ.ಗೆ 8 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಇದ್ದರೆ ಲೀಟರಿಗೆ 24 ಪೆನ್ಸ್, 5ರಿಂದ 8 ಗ್ರಾಂವರೆಗೆ ಇದ್ದರೆ 18 ಪೆನ್ಸ್, 5 ಗ್ರಾಂಗಿಂತ ಕಡಿಮೆ ಇದ್ದರೆ ಸುಂಕವೇ ಇಲ್ಲ ಎಂಬುದು ಆಗಿನ ದರಪಟ್ಟಿ. ಪರಿಣಾಮವಾಗಿ ಜಾರಿಗೆ ಮೊದಲೇ ಅರ್ಧಕ್ಕಿಂತ ಹೆಚ್ಚು ತಯಾರಕರು ಸಕ್ಕರೆಯನ್ನು ತಗ್ಗಿಸಿದರು; ಇದು ವರ್ಷಕ್ಕೆ ನಾಲ್ಕೂವರೆ ಕೋಟಿ ಕಿಲೋಗ್ರಾಂ ಸಕ್ಕರೆಗೆ ಸಮವೆಂದು ಅಲ್ಲಿನ ಹಣಕಾಸು ಇಲಾಖೆ ತಿಳಿಸಿತು. ಸ್ಕಾಟ್ಲೆಂಡಿನ ಜನಪ್ರಿಯ ಪಾನೀಯ ಇರ್ನ್-ಬ್ರೂವಿನಲ್ಲಿ 100 ಮಿ.ಲೀ.ಗೆ 10.3 ಗ್ರಾಂ ಇದ್ದ ಸಕ್ಕರೆ 4.7 ಗ್ರಾಂಗೆ ಇಳಿಯಿತು. ವರ್ಷಕ್ಕೆ 52 ಕೋಟಿ ಪೌಂಡ್ ಬರುವುದೆಂದು ಮೊದಲು ಅಂದಾಜಿಸಿದ್ದ ವರಮಾನವನ್ನು 24 ಕೋಟಿಗೆ ಇಳಿಸಬೇಕಾಯಿತು. ಬೊಕ್ಕಸಕ್ಕೆ ಕಡಿಮೆ ಹಣ ಬಂದುದೇ ಈ ಸುಂಕದ ಯಶಸ್ಸಿನ ಗುರುತು. ಮುಂದೆ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು 10-11 ವರ್ಷದ ಹೆಣ್ಣುಮಕ್ಕಳಲ್ಲಿ ಸ್ಥೂಲಕಾಯವು ನಿರೀಕ್ಷಿತ ಮಟ್ಟಕ್ಕಿಂತ ಶೇ. 8ರಷ್ಟು ಕಡಿಮೆಯಾದುದನ್ನು ಗುರುತಿಸಿತು. ಗಂಡುಮಕ್ಕಳಲ್ಲಿ ಅಂತಹ ಇಳಿಕೆ ಕಂಡುಬರಲಿಲ್ಲ ಎಂಬುದನ್ನೂ ಹೇಳಬೇಕು.

ಚಿಲಿ ದೇಶವು ಲೇಬಲ್‌ನ ಹಾದಿಯನ್ನು ಹಿಡಿಯಿತು. 2016ರ ಜೂನಿನಿಂದ ಅಲ್ಲಿ ಸಕ್ಕರೆ, ಉಪ್ಪು, ಪರ್ಯಾಪ್ತ ಕೊಬ್ಬು ಅಥವಾ ಕ್ಯಾಲೊರಿ ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲಿ ಎಂಟು ಮೂಲೆಯ ಕಪ್ಪು ಎಚ್ಚರಿಕೆ ಚಿಹ್ನೆ ಕಡ್ಡಾಯವಾಯಿತು. ಅಂತಹ ಪದಾರ್ಥಗಳನ್ನು ಶಾಲೆಯಲ್ಲಿ ಮಾರುವುದನ್ನೂ, ಮಕ್ಕಳನ್ನು ಉದ್ದೇಶಿಸಿ ಜಾಹೀರಾತು ನೀಡುವುದನ್ನೂ ನಿಷೇಧಿಸಲಾಯಿತು. ಮಿತಿಗಳನ್ನು ಒಮ್ಮೆಲೇ ಬಿಗಿಗೊಳಿಸದೆ 2016, 2018 ಮತ್ತು 2019ರಲ್ಲಿ ಮೂರು ಹಂತಗಳಾಗಿ ಬಿಗಿಗೊಳಿಸಲಾಯಿತು. ಮೊದಲ ಹಂತದಲ್ಲಿಯೇ ಚಿಹ್ನೆಯುಳ್ಳ ಪಾನೀಯಗಳ ಖರೀದಿ ಸುಮಾರು ಶೇ. 24ರಷ್ಟು ತಗ್ಗಿತು.

ಭಾರತದಲ್ಲಿ ಫಲಿಸಿದ ಒಂದು ನಿಯಮ

ಪ್ರಮಾಣಾಧಾರಿತವೂ ಹಂತಹಂತವೂ ಆದ ನೀತಿ ಭಾರತಕ್ಕೆ ಅಪರಿಚಿತವೇನಲ್ಲ. ವನಸ್ಪತಿ, ಬೇಕರಿ ಕೊಬ್ಬು ಮುಂತಾದವುಗಳಲ್ಲಿ ಎಣ್ಣೆಗೆ ಜಲಜನಕವನ್ನು ಭಾಗಶಃ ಸೇರಿಸಿ ಗಟ್ಟಿಗೊಳಿಸುವಾಗ ಟ್ರಾನ್ಸ್ ಕೊಬ್ಬು ಉಂಟಾಗುತ್ತದೆ. ಇದು ಹೃದಯಕ್ಕೆ ಹಾನಿಕರ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ಸ್ಥಾಪಿತವಾದ ಪ್ರಾಧಿಕಾರವು ಇದಕ್ಕೆ ಮೊದಲು ಶೇ. 10ರ ಮಿತಿಯನ್ನು ವಿಧಿಸಿತು. 2016ರಲ್ಲಿ ಅದನ್ನು ಶೇ. 5ಕ್ಕೆ, 2021ರ ಜನವರಿಯಲ್ಲಿ ಶೇ. 3ಕ್ಕೆ, 2022ರ ಜನವರಿಯಲ್ಲಿ ಶೇ. 2ಕ್ಕೆ ಇಳಿಸಲಾಯಿತು. 2022ರಿಂದ ಈ ಮಿತಿ ಎಣ್ಣೆ ಕೊಬ್ಬುಗಳಿಗೆ ಮಾತ್ರವಲ್ಲದೆ, ಅವುಗಳನ್ನು ಬಳಸಿ ತಯಾರಿಸಿದ ಆಹಾರಗಳ ಒಟ್ಟು ಕೊಬ್ಬಿಗೂ ಅನ್ವಯವಾಯಿತು.

ಈ ಕ್ರಮದ ವೈಶಿಷ್ಟ್ಯವೆಂದರೆ ಮೊದಲ ಭಾರ ಬಿದ್ದುದು ಕೊಬ್ಬನ್ನು ತಯಾರಿಸುವ ಕಾರ್ಖಾನೆಗಳ ಮೇಲೆ. ಅವು ತಮ್ಮ ವಿಧಾನವನ್ನು ಬದಲಿಸಿದ ಮೇಲೆ, ಪಫ್ಸ್ ಅಥವಾ ಬಿಸ್ಕತ್ತು ತಯಾರಿಸುವ ಸಣ್ಣ ಬೇಕರಿಯವರು ಮಿತಿಯೊಳಗಿನ ಕೊಬ್ಬನ್ನು ಮಾರುಕಟ್ಟೆಯಲ್ಲಿ ಕೊಳ್ಳುವುದು ಸಾಧ್ಯವಾಯಿತು. ಪ್ರತಿಯೊಂದು ಬೇಕರಿಯ ಒಲೆಯ ಬಳಿಗೂ ನಿರೀಕ್ಷಕರು ಹೋಗಬೇಕಾದ ಪ್ರಸಂಗ ಇದರಿಂದ ತಪ್ಪುತ್ತದೆ.

ಆದರೆ ಇದನ್ನು ಬೊಜ್ಜಿನ ಮೇಲಿನ ಗೆಲುವೆಂದು ಭಾವಿಸಬಾರದು. ಟ್ರಾನ್ಸ್ ಕೊಬ್ಬಿನ ಬದಲಿಗೆ ಸಾಮಾನ್ಯವಾಗಿ ಬಳಕೆಗೆ ಬರುವ ತಾಳೆ ಎಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಹೆಚ್ಚು. ಮತ್ತು ಯಾವ ಕೊಬ್ಬಾದರೂ ಗ್ರಾಮಿಗೆ 9 ಕ್ಯಾಲೊರಿ ನೀಡುತ್ತದೆ. ನೀತಿ ಆಯೋಗದ 2024ರ ವರದಿಯಂತೆ ದೇಶದಲ್ಲಿ ತಲಾ ಖಾದ್ಯತೈಲ ಬಳಕೆ ವರ್ಷಕ್ಕೆ 19.7 ಕೆ.ಜಿ. ತಲುಪಿತ್ತು. ಪ್ರಧಾನಮಂತ್ರಿಯವರು 2025ರ ಫೆಬ್ರವರಿಯ ತಮ್ಮ ಮಾಸಿಕ ಬಾನುಲಿ ಭಾಷಣದಲ್ಲಿ ಪ್ರತಿಯೊಂದು ಕುಟುಂಬವೂ ಎಣ್ಣೆಯ ಬಳಕೆಯನ್ನು ಶೇ. 10ರಷ್ಟು ತಗ್ಗಿಸಬೇಕೆಂದು ಕರೆ ನೀಡಿದುದರ ಹಿನ್ನೆಲೆಯೂ ಇದೇ.

ತೆರಿಗೆಯ ಎರಡು ಮುಖಗಳು

ಭಾರತದಲ್ಲಿ ಬೊಜ್ಜಿನ ಹೆಸರಿನಲ್ಲಿಯೇ ವಿಧಿಸಿದ ತೆರಿಗೆಗೆ ಕೇರಳ ಉದಾಹರಣೆ. 2016ರ ಜುಲೈ ಆಯವ್ಯಯದಲ್ಲಿ ಅಲ್ಲಿನ ಹಣಕಾಸು ಸಚಿವ ಥಾಮಸ್ ಐಸಾಕ್ ಅವರು ಬ್ರಾಂಡ್ ಹೆಸರಿನ ಉಪಾಹಾರ ಗೃಹಗಳಲ್ಲಿ ಮಾರುವ ಪಿಜ್ಜಾ, ಬರ್ಗರ್, ಪಾಸ್ತಾ ಮುಂತಾದವುಗಳ ಮೇಲೆ ಶೇ. 14.5ರ 'ಕೊಬ್ಬು ತೆರಿಗೆ'ಯನ್ನು ಪ್ರಕಟಿಸಿದರು. ಅದು ಪದಾರ್ಥದಲ್ಲಿರುವ ಕೊಬ್ಬನ್ನು ಅಳೆಯಲಿಲ್ಲ, ಮಾರುವವರ ಫಲಕವನ್ನು ನೋಡಿತು. ಕಡಿಮೆ ಎಣ್ಣೆಯ ಪಾಸ್ತಾಕ್ಕೆ ತೆರಿಗೆ ಬಿದ್ದು, ಎಣ್ಣೆ ಸುರಿಯುವ ಕರಿದ ತಿಂಡಿಗೆ ಬೀಳದಿರುವ ಸಂದರ್ಭ ಅದರಲ್ಲಿ ಅಡಕವಾಗಿತ್ತು. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಅದು ಕೊನೆಗೊಂಡಿತು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಸಿಹಿ ಬೆರೆಸಿದ ಗಾಳಿತುಂಬಿದ ಪಾನೀಯಗಳ ಮೇಲೆ ಆರಂಭದಿಂದಲೂ ಶೇ. 28ರ ತೆರಿಗೆ ಮತ್ತು ಶೇ. 12ರ ಪರಿಹಾರ ಸೆಸ್ ಸೇರಿ ಶೇ. 40ರ ಹೊರೆಯಿತ್ತು. 2025ರ ಸೆಪ್ಟೆಂಬರಿನ 56ನೆಯ ಸಭೆಯಲ್ಲಿ ಜಿಎಸ್‌ಟಿ ಮಂಡಳಿಯು ದರಗಳನ್ನು ಪುನರ್‌ವ್ಯವಸ್ಥೆಗೊಳಿಸಿದಾಗ, ಸೆಪ್ಟೆಂಬರ್ 22ರಿಂದ ಇವುಗಳನ್ನು ಶೇ. 40ರ ವಿಶೇಷ ದರದಲ್ಲಿಯೇ ಇರಿಸಲಾಯಿತು. ಹೊರೆ ಭಾರಿಯಾದುದು, ಆದರೆ ಶ್ರೇಣೀಕೃತವಾದುದಲ್ಲ. 100 ಮಿ.ಲೀ.ಗೆ 10 ಗ್ರಾಂ ಸಕ್ಕರೆಯಿರುವ ಪಾನೀಯಕ್ಕೂ, 4 ಗ್ರಾಂ ಇರುವ ಪಾನೀಯಕ್ಕೂ, ಸಕ್ಕರೆಯೇ ಇಲ್ಲದೆ ಕೃತಕ ಸಿಹಿ ಹಾಕಿದ ಪಾನೀಯಕ್ಕೂ ಒಂದೇ ದರ. ಸಕ್ಕರೆಯನ್ನು ತಗ್ಗಿಸಿದ ತಯಾರಕರಿಗೆ ಒಂದು ಪೈಸೆಯ ರಿಯಾಯಿತಿಯೂ ದೊರೆಯುವುದಿಲ್ಲ. ಬ್ರಿಟನ್ನಿನಲ್ಲಿ ಸಿದ್ಧಪಾಕವನ್ನು ಬದಲಿಸಿದ ಪ್ರೇರಣೆ ಇಲ್ಲಿ ಕಾಣೆಯಾಗಿದೆ.

ಗೋಲಿ ಸೋಡಾ, ಬಣ್ಣದ ಸೋಡಾ ತಯಾರಿಸುವ ಸಣ್ಣ ಘಟಕಗಳ ಮೇಲೆ ಇದರ ಪರಿಣಾಮ ಇನ್ನೂ ತೀವ್ರ. ಗಾಳಿತುಂಬಿದ ಪಾನೀಯದ ತಯಾರಕರನ್ನು 2019ರ ಅಕ್ಟೋಬರಿನಲ್ಲಿ, ಕಾಂಪೋಸಿಷನ್ ಎಂದು ಕರೆಯಲಾಗುವ ರಾಜಿ ತೆರಿಗೆ ಪದ್ಧತಿಯಿಂದ ಹೊರಗಿಡಲಾಯಿತು. ಬಹುರಾಷ್ಟ್ರೀಯ ಸಂಸ್ಥೆಯ ಬಾಟಲಿಗೂ ಹಳ್ಳಿಯ ಸೋಡಾ ಬಾಟಲಿಗೂ ಒಂದೇ ದರ ಅನ್ವಯಿಸುವಾಗ, ಲಾಭಾಂಶ ತೆಳುವಾಗಿರುವ ಘಟಕವೇ ಮೊದಲು ಬಳಲುತ್ತದೆ.

ಇನ್ನೊಂದು ಮುಖವನ್ನು ನೋಡಬೇಕು. ಅದೇ ಸಭೆಯ ತೀರ್ಮಾನದಂತೆ ಬಿಸ್ಕತ್ತು, ಕೇಕ್, ಚಾಕೊಲೇಟ್, ಐಸ್‌ಕ್ರೀಂಗಳ ದರ ಶೇ. 18ರಿಂದ ಶೇ. 5ಕ್ಕೆ ಇಳಿಯಿತು, ಪೊಟ್ಟಣದ ಖಾರ ತಿಂಡಿಗಳ ದರ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಬೇಡಿಕೆ ಹೆಚ್ಚಿಸುವ ಹಾಗೂ ದರಪಟ್ಟಿಯನ್ನು ಸರಳಗೊಳಿಸುವ ದೃಷ್ಟಿಯಿಂದ ಇದು ಉದ್ಯಮಕ್ಕೆ ಸಂತಸದ ಕ್ರಮವೇ ಸರಿ. ಆರೋಗ್ಯದ ದೃಷ್ಟಿಯಿಂದ ಮಾತ್ರ ಒಂದು ಇಲಾಖೆ ಕಡಿಮೆ ತಿನ್ನಿರೆಂದು ಹೇಳುವ ಪದಾರ್ಥವನ್ನೇ ಇನ್ನೊಂದು ಇಲಾಖೆ ಅಗ್ಗಗೊಳಿಸಿದಂತಾಯಿತು. ಕಡಿಮೆ ಸಕ್ಕರೆಯ ಬಿಸ್ಕತ್ತಿಗೂ ಹೆಚ್ಚು ಸಕ್ಕರೆಯ ಬಿಸ್ಕತ್ತಿಗೂ ಇಲ್ಲಿಯೂ ಭೇದವಿಲ್ಲ. ತೆರಿಗೆ ನೀತಿಗೂ ಆರೋಗ್ಯ ನೀತಿಗೂ ಹೊಂದಾಣಿಕೆ ಇಲ್ಲದಿದ್ದರೆ, ಈಗ ದೊರೆತಿರುವ ರಿಯಾಯಿತಿ ಎಷ್ಟು ಕಾಲ ಉಳಿಯುವುದೆಂಬ ಅನಿಶ್ಚಿತತೆ ಉದ್ಯಮವನ್ನು ಕಾಡುತ್ತದೆ.

ಲೇಬಲ್ ನಿಯಮಗಳು

2020ರ ಲೇಬಲ್ ಮತ್ತು ಪ್ರದರ್ಶನ ನಿಯಮಗಳಂತೆ ಪೊಟ್ಟಣದ ಆಹಾರದ ಮೇಲೆ ಶಕ್ತಿ, ಸಸಾರಜನಕ, ಶರ್ಕರಪಿಷ್ಟ, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಒಟ್ಟು ಕೊಬ್ಬು, ಪರ್ಯಾಪ್ತ ಕೊಬ್ಬು, ಟ್ರಾನ್ಸ್ ಕೊಬ್ಬು, ಸೋಡಿಯಂ ಇತ್ಯಾದಿಗಳ ವಿವರವಿರಬೇಕು. ಒಂದು ಬಾರಿ ಸೇವಿಸುವ ಪ್ರಮಾಣವು ದಿನದ ಅಗತ್ಯದ ಶೇಕಡಾ ಎಷ್ಟು ಭಾಗವೆಂಬುದನ್ನೂ ತಿಳಿಸಬೇಕು. ಇದಕ್ಕೆ ದಿನಕ್ಕೆ 2,000 ಕ್ಯಾಲೊರಿ, 67 ಗ್ರಾಂ ಒಟ್ಟು ಕೊಬ್ಬು, 22 ಗ್ರಾಂ ಪರ್ಯಾಪ್ತ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2,000 ಮಿಲಿಗ್ರಾಂ ಸೋಡಿಯಂ ಎಂಬ ಅಳತೆಯನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಉದಾಹರಣೆಗೆ, 100 ಗ್ರಾಮಿಗೆ 33 ಗ್ರಾಂ ಕೊಬ್ಬಿರುವ ಕರಿದ ತಿಂಡಿಯ 30 ಗ್ರಾಂ ಪೊಟ್ಟಣದಲ್ಲಿ ಸುಮಾರು 10 ಗ್ರಾಂ ಕೊಬ್ಬಿರುತ್ತದೆ. ಅದು ದಿನದ ಅಳತೆಯ ಶೇ. 15. ಅಂತೆಯೇ 100 ಮಿ.ಲೀ.ಗೆ 10 ಗ್ರಾಂ ಸಕ್ಕರೆ ಹಾಕಿದ ಪಾನೀಯದ 250 ಮಿ.ಲೀ. ಬಾಟಲಿಯೊಂದರಲ್ಲಿ 25 ಗ್ರಾಂ ಸಕ್ಕರೆ, ಎಂದರೆ ದಿನದ ಅಳತೆಯ ಅರ್ಧಭಾಗ ಇರುತ್ತದೆ. ಈ ಲೆಕ್ಕವನ್ನು ಪ್ರತಿಯೊಬ್ಬ ತಯಾರಕರೂ ತಮ್ಮ ಸರಕಿಗೆ ಮಾಡಿ ನೋಡುವುದು ಒಳಿತು.

ಹಿಂಭಾಗದ ಈ ಕೋಷ್ಟಕವನ್ನು ಸಾಮಾನ್ಯ ಗ್ರಾಹಕರು ಓದುವುದು ಅಪರೂಪ. ಆದ್ದರಿಂದ ಮುಂಭಾಗದಲ್ಲಿಯೇ ಸುಲಭ ಸೂಚನೆ ಇರಬೇಕೆಂಬ ಚರ್ಚೆ ನಡೆದಿದೆ. 2022ರ ಸೆಪ್ಟೆಂಬರಿನಲ್ಲಿ ಪ್ರಾಧಿಕಾರವು ಅರ್ಧ ನಕ್ಷತ್ರದಿಂದ ಐದು ನಕ್ಷತ್ರದವರೆಗಿನ ಶ್ರೇಯಾಂಕವನ್ನು ಪ್ರಸ್ತಾಪಿಸುವ ಕರಡನ್ನು ಪ್ರಕಟಿಸಿತು. ಶಕ್ತಿ, ಸಕ್ಕರೆ, ಪರ್ಯಾಪ್ತ ಕೊಬ್ಬು, ಸೋಡಿಯಂ ಹೆಚ್ಚಿದಂತೆ ಅಂಕ ಕಳೆಯುವುದು. ನಾರು, ಸಸಾರಜನಕ, ಹಣ್ಣು, ತರಕಾರಿ, ಬೇಳೆಕಾಳು, ಸಿರಿಧಾನ್ಯ ಇದ್ದರೆ ಅಂಕ ಕೂಡುವುದು ಅದರ ವಿಧಾನ. ಆರೋಗ್ಯ ಕ್ಷೇತ್ರದ ಅನೇಕರು ನಕ್ಷತ್ರಕ್ಕೆ ಬದಲು ಚಿಲಿ ಮಾದರಿಯ ಎಚ್ಚರಿಕೆ ಚಿಹ್ನೆಯನ್ನು ಒತ್ತಾಯಿಸಿದರು. ಅವರ ವಾದವೆಂದರೆ, ಎರಡು ನಕ್ಷತ್ರವನ್ನು ಕಂಡ ಗ್ರಾಹಕರು ಪದಾರ್ಥದಲ್ಲಿ ಏನೋ ಗುಣವಿದೆಯೆಂದೇ ಭಾವಿಸಿಯಾರು. ವಿಷಯವು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು, 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ತಜ್ಞರ ಸಮಿತಿಯ ಶಿಫಾರಸಿಗೆ ಮೂರು ತಿಂಗಳ ಗಡುವನ್ನು ನೀಡಿತು. ಆ ಗಡುವು ಮುಂದೆ ವಿಸ್ತರಣೆಯಾಯಿತು. ಚಿಹ್ನೆ ಯಾವುದೇ ಆಗಲಿ, ಅದಕ್ಕೆ ಆಧಾರವಾಗುವ ಅಂಶಗಳು ಮೇಲೆ ಹೇಳಿದವೇ ಆಗಿರುವುದರಿಂದ ಸಿದ್ಧತೆಯ ದಿಕ್ಕಿನಲ್ಲಿ ಗೊಂದಲವಿಲ್ಲ.

ಪೊಟ್ಟಣದ ಮೇಲಿನ ಹೇಳಿಕೆಗಳ ಬಗ್ಗೆಯೂ ಎಚ್ಚರ ಬೇಕು. 2018ರ ಜಾಹೀರಾತು ಮತ್ತು ಹೇಳಿಕೆ ನಿಯಮಗಳಂತೆ ಘನ ಆಹಾರದಲ್ಲಿ 100 ಗ್ರಾಮಿಗೆ 5 ಗ್ರಾಂಗಿಂತ ಹೆಚ್ಚು ಸಕ್ಕರೆಯಿದ್ದರೆ 'ಕಡಿಮೆ ಸಕ್ಕರೆ' ಎಂದೂ, 3 ಗ್ರಾಂಗಿಂತ ಹೆಚ್ಚು ಕೊಬ್ಬಿದ್ದರೆ 'ಕಡಿಮೆ ಕೊಬ್ಬು' ಎಂದೂ ಬರೆಯುವಂತಿಲ್ಲ. 2006ರ ಕಾಯಿದೆಯು ತಪ್ಪು ಲೇಬಲ್‌ಗೆ 3 ಲಕ್ಷ ರೂ.ವರೆಗೆ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ ದಂಡವನ್ನು ಗೊತ್ತುಪಡಿಸಿದೆ. ಸಿರಿಧಾನ್ಯದ ಹೆಸರಿನಲ್ಲಿ ಮಾರುವ ಚಕ್ಕುಲಿಯೂ ಎಣ್ಣೆಯಲ್ಲಿ ಕರಿದುದೇ ಆಗಿದ್ದಲ್ಲಿ ಅದರ ಕೊಬ್ಬಿನ ಲೆಕ್ಕ ಬದಲಾಗುವುದಿಲ್ಲ.

ಶಾಲೆ ಮತ್ತು ಸಾರ್ವಜನಿಕ ಸ್ಥಳಗಳು

2020ರಲ್ಲಿ ಪ್ರಕಟವಾದ ಶಾಲಾ ಮಕ್ಕಳ ಆಹಾರ ನಿಯಮಗಳು ಪರ್ಯಾಪ್ತ ಕೊಬ್ಬು, ಟ್ರಾನ್ಸ್ ಕೊಬ್ಬು, ಸೇರಿಸಿದ ಸಕ್ಕರೆ ಅಥವಾ ಸೋಡಿಯಂ ಅಧಿಕವಾಗಿರುವ ಪದಾರ್ಥಗಳನ್ನು ಶಾಲೆಯ ಉಪಾಹಾರ ಕೇಂದ್ರದಲ್ಲಿ ಹಾಗೂ ಶಾಲೆಯ ದ್ವಾರದಿಂದ 50 ಮೀಟರ್ ಒಳಗೆ ಮಾರುವುದನ್ನು ನಿಷೇಧಿಸಿವೆ. ಶಾಲೆಯ ಬದಿಯಲ್ಲಿರುವ ಕಾಂಡಿಮೆಂಟ್ಸ್ ಅಂಗಡಿ, ಬೇಕರಿಗಳಿಗೆ ಇದು ನೇರವಾಗಿ ಸಂಬಂಧಿಸಿದೆ.

2025ರ ಜುಲೈನಲ್ಲಿ ಸಮೋಸ, ಜಿಲೇಬಿಗಳ ಮೇಲೆ ಎಚ್ಚರಿಕೆ ಲೇಬಲ್ ಕಡ್ಡಾಯವಾಗುವುದೆಂಬ ಸುದ್ದಿ ಹರಡಿ ಮಿಠಾಯಿ ವರ್ತಕರಲ್ಲಿ ಆತಂಕ ಮೂಡಿತ್ತು. ಕೇಂದ್ರ ಆರೋಗ್ಯ ಸಚಿವಾಲಯವು ಆಗ ಸ್ಪಷ್ಟೀಕರಣ ನೀಡಿ, ತಾನು ತಿಳಿಸಿದ್ದು ಕಚೇರಿ ಮುಂತಾದ ಕೆಲಸದ ಸ್ಥಳಗಳಲ್ಲಿ ಎಣ್ಣೆ ಮತ್ತು ಸಕ್ಕರೆಯ ಮಾಹಿತಿ ಫಲಕ ಹಾಕುವುದನ್ನಷ್ಟೇ. ವ್ಯಾಪಾರಿಗಳು ಮಾರುವ ತಿಂಡಿಗೆ ಲೇಬಲ್ ಹಚ್ಚುವ ಆದೇಶ ಅದಲ್ಲ ಎಂದಿತು. ಸಲಹೆ, ಕರಡು ಮತ್ತು ಆದೇಶ ಈ ಮೂರೂ ಬೇರೆಬೇರೆ ಎಂಬುದನ್ನು ವರ್ತಕರು ನೆನಪಿನಲ್ಲಿಡಬೇಕು. ರಾಜಪತ್ರದಲ್ಲಿ ಪ್ರಕಟವಾದ ಅಧಿಸೂಚನೆಯನ್ನು ನೋಡದೆ ಕೇವಲ ಸುದ್ದಿಯನ್ನು ನಂಬಿ ಮುದ್ರಿತ ಪೊಟ್ಟಣಗಳನ್ನು ವಿಲೇವಾರಿ ಮಾಡುವುದು ವ್ಯರ್ಥ ನಷ್ಟಕ್ಕೆ ದಾರಿ.

ಸಣ್ಣ ಉತ್ಪಾದಕರು ಮಾಡಬಹುದಾದದ್ದು

ದೊಡ್ಡ ಸಂಸ್ಥೆಗಳಿಗೆ ತಮ್ಮದೇ ಪ್ರಯೋಗಾಲಯ, ಆಹಾರ ತಂತ್ರಜ್ಞರು, ಕಾನೂನು ಸಲಹೆಗಾರರು ಇರುತ್ತಾರೆ. ಹತ್ತು ಮಂದಿ ಕೆಲಸಗಾರರ ನಿಪ್ಪಟ್ಟು, ಕೋಡುಬಳೆ ಘಟಕಕ್ಕೆ ಇವು ಯಾವುವೂ ಇರುವುದಿಲ್ಲ. ಒಂದೇ ನಿಯಮದ ಪಾಲನೆಗೆ ತಗಲುವ ವೆಚ್ಚವು ಸಣ್ಣ ವಹಿವಾಟಿನ ಮೇಲೆ ಹೆಚ್ಚು ಭಾರವಾಗಿ ಬೀಳುತ್ತದೆ. ಹಾಗಿದ್ದರೂ ಅಲ್ಪ ವೆಚ್ಚದಲ್ಲಿ ಕೈಗೊಳ್ಳಬಹುದಾದ ಕ್ರಮಗಳು ಇಲ್ಲದಿಲ್ಲ.

ಮೊದಲನೆಯದಾಗಿ, ಹೆಚ್ಚು ಮಾರಾಟವಾಗುವ ಎರಡು ಮೂರು ಸರಕುಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಸಕ್ಕರೆ, ಕೊಬ್ಬು, ಸೋಡಿಯಂಗಳ ನಿಜಸ್ಥಿತಿಯನ್ನು ತಿಳಿಯಬೇಕು. ಎರಡನೆಯದಾಗಿ, ಎಣ್ಣೆ ಅಥವಾ ಬೇಕರಿ ಕೊಬ್ಬನ್ನು ಕೊಳ್ಳುವಾಗ ಟ್ರಾನ್ಸ್ ಕೊಬ್ಬಿನ ಪ್ರಮಾಣ ನಮೂದಿಸಿದ ಪರೀಕ್ಷಾ ಪತ್ರವನ್ನು ಸರಬರಾಜುದಾರರಿಂದ ಪಡೆದು ಕಡತದಲ್ಲಿಡಬೇಕು. ಮೂರನೆಯದಾಗಿ, ಕರಿಯುವ ವಿಧಾನವನ್ನು ಗಮನಿಸಬೇಕು. ಎಣ್ಣೆ ಸಾಕಷ್ಟು ಕಾಯದೆ ಇದ್ದಾಗ ತಿಂಡಿ ಹೆಚ್ಚು ಹೊತ್ತು ಬೇಯಬೇಕಾಗಿ ಹೆಚ್ಚು ಎಣ್ಣೆಯನ್ನು ಹೀರುತ್ತದೆ. ಉಷ್ಣತೆಯ ನಿಯಂತ್ರಣ, ಕರಿದ ತಕ್ಷಣ ಎಣ್ಣೆ ಬಸಿಯುವ ಯಂತ್ರದ ಬಳಕೆ, ಕೆಲವು ತಿಂಡಿಗಳನ್ನು ಕರಿಯುವ ಬದಲು ಹುರಿಯುವುದು ಅಥವಾ ಬೇಯಿಸುವುದು ಇವುಗಳಿಂದ ಕೊಬ್ಬು ತಗ್ಗುವುದಲ್ಲದೆ ಎಣ್ಣೆಯ ಖರ್ಚೂ ಉಳಿಯುತ್ತದೆ. ನಾಲ್ಕನೆಯದಾಗಿ, ಸಕ್ಕರೆ ಮತ್ತು ಉಪ್ಪನ್ನು ಒಮ್ಮೆಲೇ ಕಡಿತಗೊಳಿಸದೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಹೋದರೆ ಗ್ರಾಹಕರ ನಾಲಗೆ ಹೊಂದಿಕೊಳ್ಳುತ್ತದೆ.

ತಾಂತ್ರಿಕ ನೆರವಿನ ವಿಷಯದಲ್ಲಿ ಕರ್ನಾಟಕದ ಉತ್ಪಾದಕರು ಅದೃಷ್ಟವಂತರು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು 1950ರಿಂದ ಆಹಾರ ಸಂಸ್ಕರಣೆಯ ವಿಧಾನಗಳನ್ನು ರೂಪಿಸಿ ಉದ್ದಿಮೆದಾರರಿಗೆ ವರ್ಗಾಯಿಸುತ್ತ ಬಂದಿದೆ. ಯಂತ್ರೋಪಕರಣಗಳಿಗೆ ಸಂಬಂಧಿಸಿದಂತೆ, 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯು ಸಾಲದೊಂದಿಗೆ ಶೇ. 35ರ, ಗರಿಷ್ಠ 10 ಲಕ್ಷ ರೂ.ಗಳ ಸಹಾಯಧನವನ್ನು ಗೊತ್ತುಪಡಿಸಿತ್ತು. ಇಂತಹ ಯೋಜನೆಗಳನ್ನು ಕೇವಲ ಉತ್ಪಾದನೆಯ ವಿಸ್ತರಣೆಗಲ್ಲದೆ, ಸಿದ್ಧಪಾಕದ ಸುಧಾರಣೆಗೂ ಬಳಸಿಕೊಳ್ಳುವುದು ದೂರದೃಷ್ಟಿಯ ಕ್ರಮವಾಗುತ್ತದೆ.

ಉಪಸಂಹಾರ

ಬೊಜ್ಜಿನ ನಿಯಂತ್ರಣಕ್ಕೆ ಸರ್ಕಾರವು ನಿಯಮಗಳನ್ನು ತರುವುದೇ ಬೇಡವೆಂದು ವಾದಿಸುವ ಕಾಲ ಕಳೆದಿದೆ. ಉದ್ಯಮವು ಈಗ ಕೇಳಬೇಕಾದದ್ದು ನಿಯಮದ ಸ್ವರೂಪದ ಬಗ್ಗೆ. ತೆರಿಗೆಯು ಸರಕಿನ ಹೆಸರನ್ನಾಗಲಿ ಮಾರುವವರ ಫಲಕವನ್ನಾಗಲಿ ನೋಡದೆ ಅದರಲ್ಲಿರುವ ಸಕ್ಕರೆ ಕೊಬ್ಬುಗಳನ್ನು ನೋಡಬೇಕು. ಸುಧಾರಿಸಿದವರಿಗೆ ದರದಲ್ಲಿ ಲಾಭ ದೊರೆಯಬೇಕು. ಘೋಷಣೆಗೂ ಜಾರಿಗೂ ನಡುವೆ, ಇರುವ ಪೊಟ್ಟಣಗಳು ಖರ್ಚಾಗುವಷ್ಟು ಹಾಗೂ ಹೊಸ ಸಿದ್ಧಪಾಕ ರೂಪುಗೊಳ್ಳುವಷ್ಟು ಕಾಲಾವಕಾಶವಿರಬೇಕು. ಸಣ್ಣ ಘಟಕಗಳಿಗೆ ಪರೀಕ್ಷಾ ಶುಲ್ಕದಲ್ಲಿ ನೆರವಿರಬೇಕು. ಕರಡು ನಿಯಮಗಳು ಪ್ರಕಟವಾದಾಗ ಆಕ್ಷೇಪ ಹಾಗೂ ಸಲಹೆಗಳಿಗೆ ನೀಡುವ ಅವಧಿಯಲ್ಲಿಯೇ ವಾಣಿಜ್ಯ ಸಂಸ್ಥೆಗಳು ಈ ಅಂಶಗಳನ್ನು ಅಂಕಿಅಂಶ ಸಹಿತ ಸಲ್ಲಿಸಿದರೆ ಅದಕ್ಕೆ ಬೆಲೆಯಿರುತ್ತದೆ. ಜಾರಿಯಾದ ಮೇಲೆ ಮಾಡುವ ಪ್ರತಿಭಟನೆಗೆ ಅಷ್ಟು ಬೆಲೆಯಿರುವುದಿಲ್ಲ.

ರಾಜ್ಯದ ವಯಸ್ಕರಲ್ಲಿ ಹತ್ತಕ್ಕೆ ಮೂವರು ಅಧಿಕ ತೂಕದವರಾಗಿರುವಾಗ, ಅವರಲ್ಲಿ ಗ್ರಾಹಕರೂ ಇದ್ದಾರೆ, ಕೆಲಸಗಾರರೂ ಇದ್ದಾರೆ, ಗಲ್ಲಾಪೆಟ್ಟಿಗೆಯ ಮುಂದೆ ದಿನವಿಡೀ ಕುಳಿತಿರುವ ವರ್ತಕರೂ ಇದ್ದಾರೆ. ಅವರ ಆರೋಗ್ಯ ಕೆಟ್ಟರೆ ಆ ನಷ್ಟವೂ ಉದ್ಯಮದ್ದೇ. ನಿಯಮ ಬರುವ ಮುನ್ನವೇ ಸಿದ್ಧಪಾಕವನ್ನು ಸುಧಾರಿಸಿಕೊಂಡ ಉತ್ಪಾದಕರಿಗೆ ಹೊಸ ಲೇಬಲ್ ಹೊರೆಯಾಗದೆ, ತಮ್ಮ ಸರಕಿನ ಗುಣವನ್ನು ಸಾರುವ ಅವಕಾಶವಾಗುತ್ತದೆ.